ಬೆಂಡ್ ಪೈಪಿನ ಬಣ್ಣ ಯಾಕೆ ನಿಲ್ಲುತ್ತಿಲ್ಲ? ದೋಷ ಹುಡುಕುವ ಕೈಪಿಡಿ

ನಮ್ಮದು ಗಂಗಾವತಿ. ಗದ್ದೆ ಇರುವುದು ಕಾರಟಗಿ ದಾರಿಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ. ದಿನಾ ಹೋಗಿ ಬರುವುದು ಒಂದು ಹಳೆಯ 150 ಸಿಸಿ ಗಾಡಿಯಲ್ಲಿ. ಅದರ ಬೆಂಡ್ ಪೈಪಿಗೆ, ಅಂದರೆ ಎಂಜಿನ್‌ನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬಾಗಿದ ಪೈಪಿಗೆ, ನಾನು ಮೂರು ಸಲ ಬಣ್ಣ ಹೊಡೆದಿದ್ದೇನೆ. ಮೊದಲನೇ ಸಲದ್ದು ಹದಿನೈದು ದಿನ ಬಾಳಿತು. ಎರಡನೆಯದು ನಾಟಿಯಿಂದ ಕೊಯ್ಲಿನವರೆಗೆ. ಮೂರನೆಯದು ಎರಡು ಮಳೆಗಾಲ ದಾಟಿ ಇವತ್ತಿಗೂ ಗಟ್ಟಿಯಾಗಿದೆ. ಮೂರೂ ಸಲ ತಂದದ್ದು ಒಂದೇ ತರದ ಸ್ಪ್ರೇ ಡಬ್ಬಿ. ಹಾಗಾಗಿ ಯಾರಾದರೂ "ಬಣ್ಣವೇ ಚೆನ್ನಾಗಿಲ್ಲ" ಅಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ಬಿಟ್ಟಿದೆ?

ಎಂಜಿನ್ ಬಾಯಿಯ ಹತ್ತಿರವೋ, ಮುಂದಿನ ಚಕ್ರದ ಕಡೆಗಿರುವ ಮೈಯೋ, ಬೆಸುಗೆ ಮೇಲೋ? ಪುಡಿಯಾಗಿ ಉದುರುತ್ತಿದೆಯೋ, ಚಕ್ಕೆ ಎದ್ದಿದೆಯೋ, ಗುಳ್ಳೆ ಬಂದಿದೆಯೋ? ಇಷ್ಟು ಗೊತ್ತಾದರೆ ಕಾರಣ ಅಲ್ಲೇ ಅರ್ಧ ಸಿಕ್ಕಂತೆ.

ಉಜ್ಜುವ ಮುಂಚೆ ನೋಡಿ

ಬಣ್ಣ ಕೆಟ್ಟ ಕೂಡಲೇ ವೈರ್ ಬ್ರಷ್ ಹಿಡಿದು ಕೂರುವುದು ಎಲ್ಲರ ಅಭ್ಯಾಸ. ಮೊದಲೆರಡು ಸಲ ನಾನೂ ಹಾಗೇ ಮಾಡಿದೆ. ಅದರಿಂದ ಆದ ನಷ್ಟ ಏನೆಂದರೆ, ಬಣ್ಣ ಯಾಕೆ ಹೋಯಿತು ಅಂತ ಹೇಳುವ ಗುರುತೆಲ್ಲ ಉಜ್ಜಿ ಹೋಗುತ್ತದೆ. ಮೊದಲು ಪೈಪ್ ಪೂರ್ತಿ ಆರಲಿ. ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಆಮೇಲೆ ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿ, ಅಂಗೈ ಮೇಲೆ ತಿರುವಿ ಹಾಕಿ ಬಿಸಿಲಿಗೆ ಹಿಡಿದು ನೋಡಿ.

ಚಕ್ಕೆಯ ಹಿಂಬದಿ ಇಟ್ಟಿಗೆ ಕೆಂಪಾಗಿದ್ದು, ಪೈಪಿನ ಮೇಲೂ ಅದೇ ಕೆಂಪು ಪುಡಿ ಇದ್ದರೆ, ಕೆಳಗೆ ರೆಡ್ ಆಕ್ಸೈಡ್ ಹೊಡೆದಿದ್ದಾರೆ. ನನ್ನ ಮೊದಲ ಸಲದ ತಪ್ಪು ಇದೇ. ಗೇಟಿಗೆ, ಕಿಟಕಿ ಸರಳಿಗೆ ಹೊಡೆಯುವ ಪ್ರೈಮರ್ ಅದು. ಅದರೊಳಗಿನ ಅಂಟು ಸಾಮಾನ್ಯ ಎನಾಮೆಲಿನದು, ಬೆಂಡ್ ಪೈಪಿನ ಬಿಸಿಗೆ ಸುಟ್ಟು ಪುಡಿಯಾಗುತ್ತದೆ. ಮೇಲಿನ ಬಣ್ಣ 600 ಡಿಗ್ರಿ ತಡೆಯುವುದೇ ಇರಲಿ, ಕಾಲ ಕೆಳಗಿನ ನೆಲವೇ ಕುಸಿದರೆ ಅದು ನಿಲ್ಲುವುದು ಎಲ್ಲಿ? ಬೇಕಾದರೆ ಬಿಸಿ ತಡೆಯುವ ಪ್ರೈಮರ್ ಅಂತಲೇ ಕೇಳಿ ತನ್ನಿ. ಇಲ್ಲದಿದ್ದರೆ ಪ್ರೈಮರ್ ಇಲ್ಲದೆ ನೇರ ಉಕ್ಕಿನ ಮೇಲೆ ಹೊಡೆಯಿರಿ. ಕುಳಿ ಮುಚ್ಚಲು ಪುಟ್ಟಿ ಮೆತ್ತುವುದೂ ಬೇಡ, ಅದೂ ಹೀಗೇ ಸುಡುತ್ತದೆ.

ಚಕ್ಕೆ ಎದ್ದ ಜಾಗದಲ್ಲಿ ಪೈಪ್ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಕ್ರೋಮ್. ಕ್ರೋಮ್ ಮೇಲೆ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ, ಹಾವಿನ ಪೊರೆಯಂತೆ ಅಗಲವಾಗಿ ಕಳಚುತ್ತದೆ. 80 ನಂಬರಿನ ಎಮರಿ ಹಾಳೆಯಿಂದ ಹೊಳಪು ಪೂರ್ತಿ ಸಾಯುವವರೆಗೂ ಉಜ್ಜಬೇಕು. ನೀರು ಹಾಕಿಕೊಂಡೇ ಉಜ್ಜಿ, ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಹಿಂಬದಿ ಕಂದು ತುಕ್ಕಿನ ಬಣ್ಣ ಇದ್ದರೆ ಎರಡು ಸಾಧ್ಯತೆ. ತುಕ್ಕು ಪೂರ್ತಿ ತೆಗೆಯದೆ ಹೊಡೆದಿರಬಹುದು, ಇಲ್ಲವೇ ಬಣ್ಣದ ಕೆಳಗೆ ಉಪ್ಪು ಉಳಿದಿರಬಹುದು. ಉಪ್ಪಿನ ಕಥೆ ನಮ್ಮ ಕಡೆಯವರಿಗೆ ಮುಖ್ಯ, ಮುಂದೆ ಹೇಳುತ್ತೇನೆ.

ಚಕ್ಕೆಯೇ ಇಲ್ಲ, ಬೆರಳಾಡಿಸಿದರೆ ಬೂದಿ ತರ ಬಿಳಿ ಪುಡಿ ಅಂಟುತ್ತದೆ, ಅದೂ ಎಂಜಿನ್ ಹತ್ತಿರದ ಮೂರು ನಾಲ್ಕು ಇಂಚಿನಲ್ಲಿ ಮಾತ್ರ. ಹಾಗಿದ್ದರೆ ಬಣ್ಣ ಸುಟ್ಟಿದೆ.

ಬಾಯಿ ಹತ್ತಿರ ಮಾತ್ರ ಸುಟ್ಟಿದ್ದರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಯಾಕೆಂದರೆ ಇದು ಬಣ್ಣದ ದೋಷದಂತೆ ಕಂಡರೂ ಎಷ್ಟೋ ಸಲ ಎಂಜಿನ್ನಿನ ದೋಷ.

ಮೊದಲು ಡಬ್ಬಿ ಓದಿ. ಕೆಲವು ಡಬ್ಬಿಗಳ ಮೇಲೆ ದೊಡ್ಡದಾಗಿ 600 ಅಂತ ಇರುತ್ತದೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಫ್ಯಾರನ್‌ಹೀಟ್ ಅಂತ. 600 ಫ್ಯಾರನ್‌ಹೀಟ್ ಅಂದರೆ ಬರೀ 315 ಸೆಲ್ಸಿಯಸ್. ಎಂಜಿನ್ ಮೈಗೆ ಅದು ಸಾಕು, ಬೆಂಡ್ ಪೈಪಿಗೆ ಸಾಲದು. ಪೈಪಿಗೆ ಬೇಕಾದದ್ದು 600ರಿಂದ 650 ಸೆಲ್ಸಿಯಸ್, ಅಂದರೆ ಸುಮಾರು 1200 ಫ್ಯಾರನ್‌ಹೀಟ್ ತಡೆಯುವ ಸಿಲಿಕೋನ್ ಬಣ್ಣ. ಗೇಟಿಗೆ ಹೊಡೆಯುವ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟ್ ನೋಡಲು ಹಾಗೇ ಇದ್ದರೂ ಬೇರೆ ಪದಾರ್ಥ. ಮನೆ ಗ್ರಿಲ್ಲಿಗೆ ಮಾಡುವ ಪೌಡರ್ ಕೋಟಿಂಗೂ ಬೇಡ. ಅದನ್ನು ಗಟ್ಟಿ ಮಾಡುವುದೇ 200 ಡಿಗ್ರಿ ಸುತ್ತಮುತ್ತ, ಪೈಪಿನ ಬಿಸಿ ಅದರ ಎರಡರಷ್ಟು.

ಡಬ್ಬಿ ಸರಿಯಿದೆ, ಆದರೂ ಸುಟ್ಟಿದೆ ಅಂದರೆ ಪೈಪ್ ಇರಬೇಕಾದದ್ದಕ್ಕಿಂತ ಜಾಸ್ತಿ ಕಾಯುತ್ತಿದೆ. ಸರಿಯಿರುವ ಸಣ್ಣ ಎಂಜಿನ್ನಿನ ಪೈಪಿನ ಹೊರಮೈ ಬಾಯಿ ಹತ್ತಿರ 300ರಿಂದ 450 ಡಿಗ್ರಿ ಸುತ್ತ ಇರುತ್ತದೆ. ರಾತ್ರಿ ಕತ್ತಲಲ್ಲಿ, ಗದ್ದೆಯಿಂದ ಬಂದ ಕೂಡಲೇ, ಲೈಟ್ ಆರಿಸಿ ಪೈಪಿನ ಬುಡ ನೋಡಿ. ಮಂಕಾದ ಕೆಂಪು ಕಂಡರೆ ಅದು 500 ಡಿಗ್ರಿ ದಾಟಿದೆ ಅಂತಲೇ ಅರ್ಥ. ಇದಕ್ಕೆ ಯಾವ ಉಪಕರಣವೂ ಬೇಡ. ದೂರದಿಂದ ಬಿಸಿ ಅಳೆಯುವ ಗನ್ ಇದ್ದವರು ಒಂದು ವಿಷಯ ನೆನಪಿಡಿ: ಹೊಳೆಯುವ ಕ್ರೋಮ್ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಮಂಕಾದ ಕಪ್ಪು ಬಣ್ಣದ ಮೇಲೆ ಅಳೆದರೆ ನಂಬಬಹುದು.

ಜಾಸ್ತಿ ಕಾಯಲು ಕಾರಣ ನಾಲ್ಕು. ಒಂದೊಂದಾಗಿ ನೋಡಿ.

ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ಎಂಜಿನ್‌ಗೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಹೋಗುತ್ತಿದೆ. ತಿಳಿ ಕಂದು ಬಣ್ಣ ಇದ್ದರೆ ಸರಿ. ಮಸಿ ಕಪ್ಪಿದ್ದರೆ ಪೆಟ್ರೋಲ್ ಜಾಸ್ತಿ, ಆಗ ಬೇರೆ ತೊಂದರೆ. ನನ್ನ ಎರಡನೇ ಸಲದ ಬಣ್ಣ ಸುಟ್ಟಾಗ ಪ್ಲಗ್ ಬೆಳ್ಳಗಿತ್ತು. ಒಂದು ಗ್ಯಾರೇಜಿನಲ್ಲಿ ಮೈಲೇಜಿಗೆ ಅಂತ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಸ್ಕ್ರೂ ಬಿಗಿ ಮಾಡಿದ್ದರು, ಅದೇ ಕಾರಣ ಅಂದುಕೊಂಡೆ. ಸ್ಕ್ರೂ ಸರಿ ಮಾಡಿದರೂ ಬಿಳಿ ಹೋಗಲಿಲ್ಲ. ಕೊನೆಗೆ ಸಿಕ್ಕಿದ್ದು ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್. ಮೇಲಿಂದ ನೋಡಿದರೆ ಚೆನ್ನಾಗೇ ಇತ್ತು. ಬಿಚ್ಚಿ ಎರಡು ಕೈಯಲ್ಲಿ ಮಡಚಿದಾಗ ಕೆಳಗಡೆ ಉಗುರು ಹೋಗುವಷ್ಟು ಬಿರುಕು ಬಾಯಿ ಬಿಟ್ಟಿತು. ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತಿತ್ತು. ನಮ್ಮ ಕಡೆಯ ಬೇಸಿಗೆಗೆ ರಬ್ಬರ್ ಬೇಗ ಒಣಗಿ ಬಿರಿಯುತ್ತದೆ, ಇದನ್ನು ಮರೆಯಬೇಡಿ.

ಬಿಚ್ಚದೇ ಪರೀಕ್ಷೆ ಮಾಡಬೇಕೆಂದರೆ ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಆ ರಬ್ಬರ್ ಮೇಲೆ ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ. ಎಂಜಿನ್ ಸದ್ದು ಏರುಪೇರಾದರೆ ಸೋರಿಕೆ ಇದೆ. ಕೆಲವರು ಪೆಟ್ರೋಲ್ ಚಿಮುಕಿಸುತ್ತಾರೆ, ದಯವಿಟ್ಟು ಬೇಡ. ಒಂದು ಗೇಣು ದೂರದಲ್ಲೇ ಕಾದ ಪೈಪ್ ಇರುತ್ತದೆ.

ಎರಡನೆಯದು ಪೈಪಿನ ಬುಡದ ಪ್ಯಾಕಿಂಗ್, ಅಂದರೆ ಪೈಪ್ ಎಂಜಿನ್‌ಗೆ ಸೇರುವಲ್ಲಿ ಸೋರದಂತೆ ಇಡುವ ಬಳೆ. ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಸೇರುವ ಜಾಗಕ್ಕೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ. ಸುತ್ತ ಮಸಿ ಗೆರೆ ಇದ್ದರೂ ಅದೇ ಅರ್ಥ. ಎಕ್ಸಲರೇಟರ್ ಬಿಟ್ಟಾಗ ಪಟಪಟ ಅಂತ ಸಿಡಿಯುವುದೂ ಇದರ ಗುರುತು: ಹೊರಗಿನ ಗಾಳಿ ಒಳಗೆ ಹೋಗಿ, ಉಳಿದ ಪೆಟ್ರೋಲ್ ಪೈಪಿನಲ್ಲೇ ಉರಿಯುತ್ತಿರುತ್ತದೆ. ಪ್ಯಾಕಿಂಗ್ ಅಗ್ಗದ ವಸ್ತು. ಪೈಪ್ ಬಿಚ್ಚಿದಾಗಲೆಲ್ಲ ಹೊಸದು ಹಾಕಿ.

ಮೂರನೆಯದು ಟ್ಯಾಪೆಟ್, ಅಂದರೆ ವಾಲ್ವ್ ತೆರೆಯುವ ಭಾಗದಲ್ಲಿ ಬಿಡುವ ಸಣ್ಣ ಸಂದು. ಎಕ್ಸಾಸ್ಟ್ ವಾಲ್ವಿನ ಸಂದು ತೀರಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಉರಿಯುವ ಗಾಳಿ ಪೈಪಿಗೆ ನುಗ್ಗುತ್ತದೆ. ಇದನ್ನು ಬಿಟ್ಟರೆ ಬಣ್ಣದ ಜೊತೆ ವಾಲ್ವೂ ಸುಡುತ್ತದೆ. ನಾಲ್ಕನೆಯದು ಇಗ್ನಿಷನ್ ಟೈಮಿಂಗ್ ತಡವಾಗಿರುವುದು. ಕಿಡಿ ತಡವಾದರೆ ಉರಿ ಸಿಲಿಂಡರಿನಲ್ಲಿ ಮುಗಿಯದೆ ಪೈಪಿನವರೆಗೂ ಬರುತ್ತದೆ. ಈ ಎರಡನ್ನೂ ನಂಬಿಕೆಯ ಮೆಕ್ಯಾನಿಕ್ ಹತ್ತಿರ ನೋಡಿಸಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಸಾಮಾನ್ಯವಾಗಿ ಪೈಪಿಗೆ ಆಮ್ಲಜನಕ ಸೆನ್ಸರ್ ಕೂಡಿಸಿರುತ್ತಾರೆ. ಪ್ಯಾಕಿಂಗ್ ಸೋರಿದರೆ ಅದು ತಪ್ಪು ಲೆಕ್ಕ ಕೊಡುತ್ತದೆ. ಬಣ್ಣ ಹೊಡೆಯುವಾಗ ಸೆನ್ಸರ್ ಬಿಚ್ಚಿಡಿ, ಅದು ಕೂರುವ ತೂತಿನ ತಿರುಪು ಗೆರೆಗೆ ಒಂದು ಹನಿಯೂ ಬೀಳದಂತೆ ಮುಚ್ಚಿ.

ಗುಳ್ಳೆ ಬಂದಿದ್ದರೆ

ಗುಳ್ಳೆ ಬಣ್ಣ ಹೊಡೆದ ಮೊದಲ ದಿನವೇ, ಮೊದಲ ಬಿಸಿಗೇ ಬಂದರೆ ಕೋಟ್ ದಪ್ಪವಾಗಿದೆ ಅಥವಾ ಒಣಗುವ ಮುಂಚೆ ಕಾಯಿಸಿದ್ದೀರಿ. ಒಳಗಿನ ಥಿನ್ನರ್ ಹೊರಗೆ ಬರಲು ದಾರಿಯಿಲ್ಲದೆ ಮೇಲಿನ ಪದರವನ್ನು ಎತ್ತುತ್ತದೆ. ಈ ಬಣ್ಣ ತೆಳುವಾಗಿದ್ದಷ್ಟೂ ಗಟ್ಟಿ. ಎರಡು ಕೋಟ್ ಒಣಗಿದ ಮೇಲೆ ಒಟ್ಟು ದಪ್ಪ 40ರಿಂದ 50 ಮೈಕ್ರಾನ್ ಸಾಕು, ತಲೆಗೂದಲಿಗಿಂತ ತೆಳು. ಗೋಡೆಗೆ ಬಳಿದಂತೆ ಬಳಿದರೆ ನಿಲ್ಲುವುದಿಲ್ಲ.

ಗುಳ್ಳೆ ತಿಂಗಳ ನಂತರ ಬಂದು, ಒಡೆದರೆ ಒಳಗೆ ತುಕ್ಕಿನ ಚುಕ್ಕೆ ಕಂಡರೆ ಅದು ಉಪ್ಪು.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರಿಗೆ ಸವಳು ಅಂದರೇನು ಅಂತ ನಾನು ಹೇಳಬೇಕಿಲ್ಲ. ಕಾಲುವೆ ನೀರು ಬಂದ ಮೇಲೆ ಎಷ್ಟೋ ಹೊಲ ಸವಳಾಗಿದೆ, ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಕಟ್ಟುತ್ತದೆ. ಅದೇ ಮಣ್ಣಿನ ಕೆಸರು ಕಾದ ಪೈಪಿಗೆ ಸಿಡಿದು, ಅಲ್ಲೇ ಒಣಗಿ, ಗಟ್ಟಿ ಹಿಡಿಯುತ್ತದೆ. ಇನ್ನೊಂದು ಉಪ್ಪನ್ನು ನಾವೇ ಗಾಡಿ ಮೇಲೆ ಹೇರಿಕೊಂಡು ಬರುತ್ತೇವೆ: ಪೊಟ್ಯಾಷ್ ಚೀಲ. ಆ ಕೆಂಪು, ಬಿಳಿ ಹರಳು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಅಣ್ಣತಮ್ಮ ಇದ್ದಂತೆ. ಚೀಲದ ಹೊಲಿಗೆಯಿಂದ ಉದುರಿ ಪೈಪಿನ ಮೇಲೆ ಬಿದ್ದರೆ ಕಬ್ಬಿಣವನ್ನು ತಿನ್ನದೆ ಬಿಡುವುದಿಲ್ಲ.

ಬಣ್ಣದ ಕೆಳಗೆ ಕಣ್ಣಿಗೆ ಕಾಣದಷ್ಟು ಉಪ್ಪು ಉಳಿದರೂ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೇವ ಬಂದಲ್ಲಿ ತುಕ್ಕು, ತುಕ್ಕು ಉಬ್ಬಿದಲ್ಲಿ ಗುಳ್ಳೆ. ನನ್ನ ಎರಡನೇ ಸಲದ ಪೈಪಿನ ಕೆಳಭಾಗ ಹಾಳಾದದ್ದು ಹೀಗೆ. ನಾನು ತುಕ್ಕು ತೆಗೆದು, ಥಿನ್ನರಿನಿಂದ ಒರೆಸಿ, ಎಲ್ಲ ಸರಿ ಮಾಡಿದ್ದೆ. ಆದರೆ ಪೈಪ್ ತೊಳೆದದ್ದು ಬೋರ್‌ವೆಲ್ ನೀರಿನಲ್ಲಿ. ಥಿನ್ನರ್ ಎಣ್ಣೆ ಜಿಡ್ಡು ತೆಗೆಯುತ್ತದೆ, ಉಪ್ಪನ್ನು ತೆಗೆಯುವುದಿಲ್ಲ. ಉಪ್ಪಿಗೆ ನೀರೇ ಬೇಕು, ಅದೂ ಸಿಹಿನೀರು.

ನಿಮ್ಮ ನೀರು ಹೇಗಿದೆ ಅಂತ ನೋಡಲು ಗಾಜಿನ ತುಂಡಿನ ಮೇಲೆ ನಾಲ್ಕು ಹನಿ ಹಾಕಿ ಬಿಸಿಲಿಗಿಡಿ. ಒಣಗಿದ ಮೇಲೆ ಬಿಳಿ ಉಂಗುರ ದಪ್ಪವಾಗಿ ಉಳಿದರೆ ಆ ನೀರು ಬೇಡ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದರೆ ಕೆಲಸ ಮುಗಿಯಿತು. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು.

ಉಳಿದ ಸಣ್ಣ ದೋಷಗಳು

ಬಣ್ಣ ಮೆತ್ತಗಿದೆ, ಪೆಟ್ರೋಲ್ ಹನಿ ಬಿದ್ದಲ್ಲಿ ಕರಗಿದೆ ಅಂದರೆ ಅದು ಹದವಾಗಿ ಕಾದಿಲ್ಲ. ಈ ಬಣ್ಣ ಗಾಳಿಗೆ ಒಣಗಿದಂತೆ ಕಂಡರೂ ಕಾಯಿಸಿದ ಮೇಲೆಯೇ ನಿಜವಾಗಿ ಗಟ್ಟಿಯಾಗುವುದು. ಬಟ್ಟೆಗೆ ಥಿನ್ನರ್ ಹಚ್ಚಿ ಮೆಲ್ಲಗೆ ಒರೆಸಿ. ಬಟ್ಟೆಗೆ ಬಣ್ಣ ಬಂದರೆ ಇನ್ನೊಮ್ಮೆ ಹಂತ ಹಂತವಾಗಿ ಕಾಯಿಸಿ, ಉಜ್ಜಿ ತೆಗೆಯುವ ಅಗತ್ಯವಿಲ್ಲ.

ಮೇಲ್ಮೈ ಮರಳಿನಂತೆ ತರಿತರಿಯಾಗಿದ್ದರೆ ಬಿಸಿಲಲ್ಲಿ ಹೊಡೆದಿದ್ದೀರಿ. ಏಪ್ರಿಲ್, ಮೇ ಮಧ್ಯಾಹ್ನ ಇಲ್ಲಿ 40 ಡಿಗ್ರಿ ದಾಟುತ್ತದೆ, ಬಣ್ಣದ ಹನಿ ಪೈಪ್ ಮುಟ್ಟುವ ಮುಂಚೆಯೇ ಒಣಗುತ್ತದೆ. ಬೆಳಿಗ್ಗೆ ಎಂಟರೊಳಗೆ ಹೊಡೆಯಿರಿ. ಡಬ್ಬಿಯನ್ನೂ ಬಿಸಿಲಲ್ಲಿ ಇಡಬೇಡಿ, 50 ಡಿಗ್ರಿ ಮೀರಬಾರದು ಅಂತ ಅದರ ಮೇಲೇ ಬರೆದಿರುತ್ತದೆ. ರೈಸ್ ಮಿಲ್ ಹತ್ತಿರ ಮನೆಯಿದ್ದರೆ ಹೊಟ್ಟಿನ ಬೂದಿ ಹಸಿ ಬಣ್ಣದ ಮೇಲೆ ಕೂರುತ್ತದೆ, ಗಾಳಿ ಬೀಸುವ ದಿಕ್ಕು ನೋಡಿಕೊಳ್ಳಿ.

ಚಕ್ರದ ಕಡೆಯ ಮೈಯಲ್ಲಿ ಮಾತ್ರ ಚುಕ್ಕೆ ಚುಕ್ಕೆಯಾಗಿ ಹೋಗಿದ್ದರೆ ಕಲ್ಲಿನ ಏಟು. ಮುಂದಿನ ಮಡ್‌ಗಾರ್ಡಿಗೆ ಒಂದು ರಬ್ಬರ್ ಪಟ್ಟಿ ಕೆಳಗಿನವರೆಗೆ ಇಳಿಬಿಟ್ಟರೆ ಸಾಕು.

ಸೂಜಿ ಮೊನೆಯಷ್ಟು ತೂತು, ಅದರ ಸುತ್ತ ತುಕ್ಕು, ಹೆಚ್ಚಾಗಿ ಪೈಪಿನ ತಗ್ಗಾದ ಜಾಗದಲ್ಲಿ. ಇದಕ್ಕೆ ಬಣ್ಣ ಮದ್ದಲ್ಲ. ಪೈಪ್ ಒಳಗಿನಿಂದ ಕೊಳೆತಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹಬೆಯಾಗಿ ಹೊರಬರುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಅಂತ ಒಂದೊಂದು ಕಿಲೋಮೀಟರ್ ಓಡಿಸಿದರೆ ಪೈಪ್ ಪೂರ್ತಿ ಕಾಯುವುದಿಲ್ಲ, ಆ ನೀರು ಒಳಗೇ ಉಳಿಯುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಜಾಗ ಠಣ್ ಅನ್ನುತ್ತದೆ, ಕೊಳೆತ ಜಾಗ ಬದ್ ಅನ್ನುತ್ತದೆ. ಅಂಥ ಪೈಪ್ ಬದಲಿಸಿ.

ಪೈಪಿಗೆ ಬಟ್ಟೆಯಂಥ ಪಟ್ಟಿ ಸುತ್ತುವುದು ಈಗ ಜಾಸ್ತಿಯಾಗಿದೆ. ನಮ್ಮ ಕೆಸರಿನಲ್ಲಿ ಅದು ನೀರು ಕುಡಿದು ಕೂರುತ್ತದೆ, ಒಳಗೆ ಪೈಪ್ ತುಕ್ಕು ಹಿಡಿಯುವುದು ಕಾಣುವುದೂ ಇಲ್ಲ. ನಾನು ಬೇಡ ಅನ್ನುತ್ತೇನೆ.

ಮೂರನೇ ಸಲ ನಾನು ಮಾಡಿದ್ದು

ರಬ್ಬರ್ ಹೊಸದು ಹಾಕಿ ನೂರು ಕಿಲೋಮೀಟರ್ ಓಡಿಸಿದೆ. ಪ್ಲಗ್ ತಿಳಿ ಕಂದಾದ ಮೇಲೆಯೇ ಪೈಪ್ ಬಿಚ್ಚಿದ್ದು. ಈ ಕ್ರಮ ತಪ್ಪಿಸಬೇಡಿ, ಎಂಜಿನ್ ಮೊದಲು, ಬಣ್ಣ ಆಮೇಲೆ.

ವೈರ್ ಬ್ರಷ್, 80ರ ಎಮರಿ, ಆಮೇಲೆ 120. ಬೆಸುಗೆಯ ಅಕ್ಕಪಕ್ಕದ ಕಪ್ಪು ಕಿಟ್ಟವನ್ನು ಹಳೆಯ ಹ್ಯಾಕ್ಸಾ ಬ್ಲೇಡಿನ ತುದಿಯಿಂದ ಕೆರೆದೆ. ಅದನ್ನು ಬಿಟ್ಟರೆ ಬಣ್ಣ ಮೊದಲು ಏಳುವುದು ಅಲ್ಲೇ. 220ಕ್ಕಿಂತ ನುಣುಪು ಮಾಡಬೇಡಿ, ಬಣ್ಣಕ್ಕೆ ಕಚ್ಚಲು ಗೀರು ಬೇಕು. ನಮ್ಮ ಜಿಲ್ಲೆಯ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಬಣ್ಣ ಮುಟ್ಟುವ ಮುಂಚೆ ಹುಣಸೆ ಬೀಜದ ಅಂಟು, ಕಲ್ಲಿನ ಪುಡಿ ಹಚ್ಚಿ ಮೈ ಹದ ಮಾಡುತ್ತಾರೆ. ಅವರ ಕೆಲಸದಲ್ಲೂ ಬಣ್ಣಕ್ಕಿಂತ ಈ ಹದವೇ ದೊಡ್ಡ ಕೆಲಸ.

ನಂತರ ಸೋಪು, ಘಟಕದ ನೀರಿನಲ್ಲಿ ಮೂರು ಸಲ ತೊಳೆದೆ. ಕೂಡಲೇ ಒಣ ಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಬಿಸಿಲಿಗಿಟ್ಟೆ. ಮಳೆಗಾಲದಲ್ಲಿ ಬರಿ ಉಕ್ಕು ಒಂದೆರಡು ಗಂಟೆಯಲ್ಲೇ ಕೆಂಪಾಗುತ್ತದೆ, ತಡ ಮಾಡಬಾರದು. ಕೊನೆಗೆ ಹೊಸ ಕೈಗವಸು ಹಾಕಿಕೊಂಡು ಥಿನ್ನರಿನಿಂದ ಒರೆಸಿದೆ. ಬಟ್ಟೆ ಬಿಳಿಯಾಗೇ ಉಳಿಯುವವರೆಗೆ ಬಟ್ಟೆ ಬದಲಿಸುತ್ತಾ ಹೋದೆ. ಆಮೇಲೆ ಬರಿಗೈಯಲ್ಲಿ ಮುಟ್ಟಲಿಲ್ಲ. ಬೆರಳಿನ ಜಿಡ್ಡು ಸಾಕು, ಆ ಗುರುತಿನಲ್ಲೇ ಬಣ್ಣ ಏಳುತ್ತದೆ.

ಎರಡು ಬಾಯಿಗೂ ಪೇಪರ್ ತುರುಕಿ, ಪೈಪನ್ನು ತಂತಿಯಿಂದ ತೂಗುಹಾಕಿದೆ. ಡಬ್ಬಿಯನ್ನು ಒಂದು ನಿಮಿಷ ಚೆನ್ನಾಗಿ ಕುಲುಕಿ, ಒಂದು ಗೇಣು ದೂರದಿಂದ ಕೈ ನಿಲ್ಲಿಸದೆ ಮೊದಲ ಕೋಟ್. ಕೆಳಗಿನ ಉಕ್ಕು ಇನ್ನೂ ಕಾಣುವಷ್ಟು ತೆಳುವಾಗಿ. ಹದಿನೈದು ನಿಮಿಷ ಬಿಟ್ಟು ಎರಡನೆಯದು. ಬೆಂಡಿನ ಒಳಬದಿಗೆ ಮೂರನೆಯದು ಸ್ವಲ್ಪ. ಒಂದು ರಾತ್ರಿ ಪೂರ್ತಿ ಒಣಗಲು ಬಿಟ್ಟೆ. ಬಿಚ್ಚಿದ್ದನ್ನು ಕೂಡಿಸುವಾಗ ಹೊಸ ಪ್ಯಾಕಿಂಗ್.

ಓವನ್ ಇದ್ದವರಿಗೆ ಹಂತ ಹೀಗೆ: 120 ಡಿಗ್ರಿಯಲ್ಲಿ ಅರ್ಧ ಗಂಟೆ, ಆರಲು ಬಿಡಿ. 200ರಲ್ಲಿ ಅರ್ಧ ಗಂಟೆ, ಆರಲು ಬಿಡಿ. 315ರಲ್ಲಿ ಅರ್ಧ ಗಂಟೆ. ಅಡುಗೆಯ ಓವನ್ ಮಾತ್ರ ಬಳಸಬೇಡಿ. ನಾನು ಗಾಡಿಯಲ್ಲೇ ಕಾಯಿಸಿದೆ. ಹತ್ತು ನಿಮಿಷ ಐಡಲ್, ಇಪ್ಪತ್ತು ನಿಮಿಷ ಬಿಡುವು. ಇಪ್ಪತ್ತು ನಿಮಿಷ ಐಡಲ್, ಮತ್ತೆ ಇಪ್ಪತ್ತು ನಿಮಿಷ ಬಿಡುವು. ಆಮೇಲೆ ಅರ್ಧ ಗಂಟೆ ರಸ್ತೆಯಲ್ಲಿ ಮೆಲ್ಲಗೆ ಓಡಿಸಿದೆ. ಗಾಳಿ ತಣಿಸುವ ಎಂಜಿನ್ ಆದ್ದರಿಂದ ನಿಂತಲ್ಲೇ ಓಡಿಸುವಾಗ ಮುಂದೆ ಫ್ಯಾನ್ ಇಟ್ಟಿದ್ದೆ. ನಿಮ್ಮ ಡಬ್ಬಿಯ ಮೇಲೆ ಬೇರೆ ಲೆಕ್ಕ ಇದ್ದರೆ ಅದನ್ನೇ ಪಾಲಿಸಿ. ಬಯಲಲ್ಲೇ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಎಂಜಿನ್ ಹೊಗೆ ಜೀವಕ್ಕೇ ಅಪಾಯ, ಜೊತೆಗೆ ಬಣ್ಣವೂ ಮೊದಲ ಸಲ ಘಾಟು ಹೊಗೆ ಬಿಡುತ್ತದೆ. ಆ ಹೊಗೆಗೆ ಹೆದರಬೇಡಿ, ಎರಡನೇ ಸುತ್ತಿಗೆ ನಿಲ್ಲುತ್ತದೆ.

ಮೊದಲ ವಾರ ಕಾದ ಪೈಪಿಗೆ ನೀರು ಹಾಕಲಿಲ್ಲ, ಕಾಲುವೆ ದಾಟುವ ಕಡೆ ಸುತ್ತಿ ಹೋದೆ. ಈಗಲೂ ಗದ್ದೆಯಿಂದ ಬಂದರೆ ಪೈಪ್ ಆರಿದ ಮೇಲೆ ಒಂದು ಚೊಂಬು ಸಿಹಿನೀರು ಹಾಕಿ ಕೆಸರು ಇಳಿಸುತ್ತೇನೆ. ಬಣ್ಣ ಉಳಿದ ಡಬ್ಬಿಯನ್ನು ತಲೆಕೆಳಗೆ ಹಿಡಿದು ಬರೀ ಗಾಳಿ ಬರುವವರೆಗೆ ಒತ್ತಿ, ನೆರಳಿನಲ್ಲಿ ಇಟ್ಟಿದ್ದೇನೆ. ಕಳೆದ ದೀಪಾವಳಿ ಹೊತ್ತಿಗೆ ಕಲ್ಲು ಬಡಿದು ಕಡಲೆಕಾಳಿನಷ್ಟು ಜಾಗ ಹೋಗಿತ್ತು. ಅಷ್ಟಕ್ಕೆ ಮಾತ್ರ ಉಜ್ಜಿ, ತೊಳೆದು, ಮುಚ್ಚಳಕ್ಕೆ ಬಣ್ಣ ಸಿಂಪಡಿಸಿಕೊಂಡು ಸಣ್ಣ ಕುಂಚದಿಂದ ಹಚ್ಚಿದೆ. ಈಗ ಹುಡುಕಿದರೂ ಆ ಜಾಗ ಸಿಗುವುದಿಲ್ಲ.